ಪ್ರೋಗ್ರಾಂ ಯಾರು ಬರೆದದ್ದು?

ಸೆಮಿಸ್ಟರಿನ ಕೊನೆಯ ವಾರ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ರೆಕಾರ್ಡ್ ಬರೆಯುವ ಕೆಲಸ ಭರದಿಂದ ಸಾಗಿರುತ್ತದೆ. ಗೆರೆಯಿರುವ ಬಲಪುಟದಲ್ಲಿ ಪ್ರೋಗ್ರಾಂ, ಗೆರೆಯಿಲ್ಲದ ಎಡಪುಟದಲ್ಲಿ ಔಟ್‌ಪುಟ್. ಎದುರಿಗೆ ತೆರೆದಿಟ್ಟುಕೊಂಡಿರುವುದು ಗೆಳೆಯನದೋ ಸೀನಿಯರದ್ದೋ ರೆಕಾರ್ಡು. ಕಂಪ್ಯೂಟರ್ ಹತ್ತಿರ ಇರಬೇಕೆಂದೇನೂ ಇಲ್ಲ. ಹಾಸ್ಟೆಲ್ಲಿನ ಮಂಚದ ಮೇಲೆ, ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಕೂತು ಬರೆಯಬಹುದು. ಇದು ನಕಲು ಎಂದು ಬರೆಯುವವನಿಗೆ ಗೊತ್ತು, ಸಹಿ ಹಾಕುವ ಮೇಡಂಗೆ ಗೊತ್ತು, ಪರೀಕ್ಷೆಗೆ ಬರುವ ಎಕ್ಸ್‌ಟರ್ನಲ್‌ಗೂ ಗೊತ್ತು. ಅಕ್ಷರ ದುಂಡಗಿದ್ದರೆ ಅಂಕ ಪೂರ್ತಿ. ಇಷ್ಟಾದ ಮೇಲೆ ಅದೇ ಮೇಡಂ ಕ್ಲಾಸಿನಲ್ಲಿ ‘ಅಸೈನ್‌ಮೆಂಟ್ ಯಾರೂ ಕಾಪಿ ಮಾಡಬಾರದು’ ಅಂದರೆ ಹುಡುಗರು ಯಾವುದನ್ನು ನಂಬಬೇಕು, ಆಕೆಯ ಮಾತನ್ನೋ ಸಹಿಯನ್ನೋ?

ಈ ವಿಷಯ ಬಂದಾಗಲೆಲ್ಲ ಈಗಿನ ಹುಡುಗರ ಪ್ರಾಮಾಣಿಕತೆ ಕೆಟ್ಟಿತು ಎಂದು ನಿಟ್ಟುಸಿರು ಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಸೈನ್‌ಮೆಂಟಿಗೆ ನಾವು ನಿಯಮವನ್ನೇ ಬರೆದಿಲ್ಲ. ‘ಕಾಪಿ ಮಾಡಬೇಡಿ’ ಎನ್ನುವುದು ಬರೀ ಗದರಿಕೆ. ಸ್ನೇಹಿತನ ಜೊತೆ ಬೋರ್ಡಿನ ಮೇಲೆ ಚಿತ್ರ ಬರೆದು ಚರ್ಚಿಸಬಹುದೇ? ಅವಳ ಪ್ರೋಗ್ರಾಂ ಓಡದೆ ನಿಂತಾಗ ಪಕ್ಕದಲ್ಲಿ ಕೂತು ತಪ್ಪು ಹುಡುಕಿಕೊಡಬಹುದೇ? ಸ್ಟ್ಯಾಕ್ ಓವರ್‌ಫ್ಲೋದಿಂದ ಐದು ಸಾಲು ತೆಗೆದುಕೊಂಡರೆ ಅಡ್ಡಿಯಿದೆಯೇ? ಚಾಟ್‌ಜಿಪಿಟಿಯನ್ನು ಎರರ್ ಮೆಸೇಜಿನ ಅರ್ಥ ಕೇಳಿದರೆ? ಹತ್ತು ಮೇಷ್ಟ್ರಿಗೆ ಈ ಪ್ರಶ್ನೆ ಹಾಕಿದರೆ ಹತ್ತು ಉತ್ತರ ಬರುತ್ತವೆ, ಮತ್ತು ಆ ಹತ್ತರಲ್ಲಿ ಒಂದೂ ವಿದ್ಯಾರ್ಥಿಯ ಕೈಗೆ ಲಿಖಿತವಾಗಿ ಸಿಕ್ಕಿರುವುದಿಲ್ಲ.

ಮೇಲಿನಿಂದ ಯಾರಾದರೂ ಬರೆದುಕೊಟ್ಟಾರು ಎಂದು ಕಾಯುವುದೂ ವ್ಯರ್ಥ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಶೇ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು ಎಂದು ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿದೆ. ಆದರೆ ಅದು ಸಂಶೋಧನಾ ಪ್ರಬಂಧ, ಲೇಖನ, ಪುಸ್ತಕಗಳಿಗೆ ಸಂಬಂಧಿಸಿದ್ದು. ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ಕೋರ್ಸ್‌ವರ್ಕ್, ಉತ್ತರಪತ್ರಿಕೆಗಳನ್ನು ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಹೊರಗಿಟ್ಟದ್ದು ಸರಿಯೂ ಹೌದು. ಬಬಲ್ ಸಾರ್ಟ್ ಅನ್ನು ಯಾರು ಬರೆದರೂ ಮುಕ್ಕಾಲು ಪಾಲು ಒಂದೇ ಥರ ಇರುತ್ತದೆ. ದೆಹಲಿಯಲ್ಲಿ ಕೂತು ಅದಕ್ಕೆ ಶೇಕಡಾವಾರು ಗೊತ್ತುಮಾಡುವುದರಲ್ಲಿ ಅರ್ಥವಿಲ್ಲ. ಈ ನಿಯಮವನ್ನು ಬರೆಯಬೇಕಾದವರು ಆ ವಿಷಯ ಪಾಠ ಮಾಡುವವರು.

ಬರೆಯಲು ಹೊರಟರೆ ಮೊದಲ ತೊಡಕು ಎದುರಾಗುತ್ತದೆ: ಅಸೈನ್‌ಮೆಂಟ್ ಕೊಡುವುದು ಯಾತಕ್ಕೆ? ಕಲಿಸಲಿಕ್ಕೆ. ಜೊತೆಗೆ, ಎಷ್ಟು ಕಲಿತರು ಎಂದು ಅಳೆಯಲಿಕ್ಕೆ. ಕಲಿಯಬೇಕಾದರೆ ಇನ್ನೊಬ್ಬರನ್ನು ಕೇಳಬೇಕು, ತಪ್ಪಬೇಕು, ವಾದಿಸಬೇಕು, ಬೇರೆಯವರ ಕೋಡ್ ಓದಬೇಕು. ಅಳೆಯಬೇಕಾದರೆ ಇದ್ಯಾವುದೂ ಕೂಡದು. ಎರಡನ್ನೂ ಒಂದೇ ಹಾಳೆಯಿಂದ ಮಾಡಿಸಲು ಹೋಗಿ ಎರಡನ್ನೂ ಕೆಡಿಸಿಕೊಂಡಿದ್ದೇವೆ. ನನ್ನ ಮಟ್ಟಿಗೆ ದಾರಿ ಸ್ಪಷ್ಟ. ಅಸೈನ್‌ಮೆಂಟನ್ನು ಕಲಿಕೆಗೆ ಬಿಟ್ಟುಕೊಡಬೇಕು, ಮಾತುಕತೆಗೆ ಅಡ್ಡಿ ಇರಬಾರದು. ಅಳತೆ ನಡೆಯಬೇಕಾದ್ದು ಬೇರೆ ಕಡೆ, ಮುಖಾಮುಖಿ.

ಮಾತುಕತೆ ಏಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಹಳೆಯ ಅಧ್ಯಯನವೊಂದಿದೆ. 1970ರ ದಶಕದಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್ ಕಲಿಯುತ್ತಿದ್ದ ಕಪ್ಪು ವಿದ್ಯಾರ್ಥಿಗಳು ದೊಡ್ಡ ಪ್ರಮಾಣದಲ್ಲಿ ಹಿಂದೆ ಬೀಳುತ್ತಿದ್ದರು. ತಯಾರಿ ಸಾಲದು, ಆಸಕ್ತಿಯಿಲ್ಲ, ಮನೆಯಲ್ಲಿ ಒತ್ತಾಸೆಯಿಲ್ಲ ಎಂದು ಅಧ್ಯಾಪಕರು ಕಾರಣ ಹೇಳುತ್ತಿದ್ದರು. ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಊಹೆಗೆ ಬಿಡದೆ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿ, ಅವರು ಹೇಗೆ ಓದುತ್ತಾರೆ ಎಂದು ಅವರಿರುವಲ್ಲಿಗೇ ಹೋಗಿ ನೋಡಿದ. ಅಧ್ಯಾಪಕರು ಹೇಳಿದ ಕಾರಣಗಳು ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ, ಹೇಳಿದಷ್ಟು ಹೊತ್ತು, ಒಬ್ಬೊಬ್ಬರೇ ಓದುತ್ತಿದ್ದರು. ಓದು ಬೇರೆ, ಸ್ನೇಹ ಬೇರೆ ಎಂದು ಇಟ್ಟುಕೊಂಡಿದ್ದರು. ಚೀನೀ ಮೂಲದವರು ಮೊದಲು ಒಬ್ಬರೇ ಕೂತು ಲೆಕ್ಕ ಮಾಡಿ, ಸಂಜೆ ಒಟ್ಟಿಗೆ ಅಡುಗೆ ಮಾಡಿಕೊಂಡು, ಊಟದ ನಡುವೆ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕ ಯಾವುದು ಎಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಕೂತವನಿಗೆ ಮಾತ್ರ ತನಗೊಬ್ಬನಿಗೇ ಬರುತ್ತಿಲ್ಲ ಎನ್ನಿಸುತ್ತಿತ್ತು. ಟ್ರೈಸ್‌ಮನ್ ಆಮೇಲೆ ಗುಂಪಿನಲ್ಲಿ ಕಠಿಣ ಲೆಕ್ಕ ಬಿಡಿಸುವ ಕಾರ್ಯಾಗಾರ ಶುರುಮಾಡಿದ. ದಡ್ಡರಿಗೆಂದು ನಡೆಸುವ ವಿಶೇಷ ತರಗತಿಯಂತೆ ಅದನ್ನು ರೂಪಿಸಲಿಲ್ಲ, ಜಾಣರ ಕೂಟವೆಂದೇ ಕರೆದ. ಅಲ್ಲಿಗೆ ಬಂದವರ ಫಲಿತಾಂಶ ಗಣನೀಯವಾಗಿ ಸುಧಾರಿಸಿತು.

ಇದನ್ನು ಓದಿದಾಗ ನನಗೆ ನೆನಪಾಗುವುದು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯನ್ನು ಏದುಸಿರು ಬಿಡುತ್ತ ದಾಟಿ, ಸಿಇಟಿ ಸೀಟಿನ ಮೇಲೆ ಬೆಂಗಳೂರಿಗೋ ಮೈಸೂರಿಗೋ ಬಂದಿಳಿಯುವ ಹುಡುಗ ಹುಡುಗಿಯರು. ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಕಂಪೈಲರ್ ಬೈಯುವುದೂ ಇಂಗ್ಲಿಷಿನಲ್ಲಿ. ಅವರಿಗೆ ವಿಷಯ ಅರ್ಥವಾಗುವ ಜಾಗ ಹಾಸ್ಟೆಲ್ ಕೋಣೆ. ‘ಪಾಯಿಂಟರ್ ಅಂದ್ರೆ ಮನೆ ಅಲ್ಲ ಕಣೋ, ಮನೆ ವಿಳಾಸ’ ಎಂದು ರೂಂಮೇಟ್ ರಾತ್ರಿ ಹತ್ತಕ್ಕೆ ಹೇಳಿದಾಗ ಬೆಳಗಿನ ಒಂದು ಗಂಟೆಯ ಪಾಠ ತಟಕ್ಕನೆ ತೆರೆದುಕೊಳ್ಳುತ್ತದೆ. ‘ಎಲ್ಲರೂ ಅವರವರ ಕೆಲಸ ಅವರವರೇ ಮಾಡಿ’ ಎಂಬ ಕಟ್ಟುನಿಟ್ಟು ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ. ಆದರೆ ಮನೆಯಲ್ಲೇ ಸಾಫ್ಟ್‌ವೇರ್ ಕಂಪನಿಯ ಅಣ್ಣನೋ ಅಕ್ಕನೋ ಇರುವವರಿಗೆ ಅದರ ಬಿಸಿ ತಟ್ಟುವುದಿಲ್ಲ. ಅಣ್ಣ ಊಟದ ಹೊತ್ತಿಗೆ ಹೇಳಿಕೊಟ್ಟದ್ದು ನಕಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ಇಂಡಿಯಿಂದಲೋ ಪಾವಗಡದಿಂದಲೋ ಬಂದವನಿಗೆ ಸಹಪಾಠಿಯೇ ಅಣ್ಣ. ಆ ಮಾತಿನ ಮೇಲೆ ನಿಷೇಧ ಹೇರಿದರೆ ಅವನಿಗೆ ಉಳಿಯುವುದು ಒಂದೇ ದಾರಿ: ಅರ್ಥವಾಗದ ಕೋಡನ್ನು ಸದ್ದಿಲ್ಲದೆ ನಕಲು ಮಾಡುವುದು. ಚರ್ಚೆಯನ್ನು ತಡೆದಷ್ಟೂ ನಕಲು ಹೆಚ್ಚುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಕೋಣೆಯೊಳಗೆ ಏನು ಮಾತಾಡಿದರು ಎನ್ನುವುದನ್ನು ಬಿಟ್ಟು, ಕೋಣೆಯಿಂದ ಎದ್ದು ಬರುವಾಗ ಕೈಯಲ್ಲಿ ಏನಿತ್ತು ಎನ್ನುವುದರ ಮೇಲೆ ಎಳೆಯಬೇಕು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೈನ್ಸ್ ಕೋರ್ಸುಗಳಲ್ಲಿ ‘ಗಿಲಿಗನ್ಸ್ ಐಲ್ಯಾಂಡ್ ನಿಯಮ’ ಎಂಬುದೊಂದಿದೆ. ಎಷ್ಟು ಬೇಕಾದರೂ ಚರ್ಚಿಸಿ, ಬೋರ್ಡಿನ ಮೇಲೆ ಗೀಚಿ. ಏಳುವಾಗ ಬರೆದದ್ದನ್ನೆಲ್ಲ ಅಳಿಸಿ, ಬರಿಗೈಯಲ್ಲಿ ಹೋಗಿ. ಆಮೇಲೆ ಅರ್ಧ ಗಂಟೆ ತಲೆಗೆ ಕೆಲಸವಿಲ್ಲದ ಏನನ್ನಾದರೂ ಮಾಡಿ, ಉದಾಹರಣೆಗೆ 1960ರ ದಶಕದ ಆ ಹೆಸರಿನ ಹಾಸ್ಯ ಧಾರಾವಾಹಿ ನೋಡಿ. ಅದಾದ ಮೇಲೂ ಪ್ರೋಗ್ರಾಂ ನಿಮ್ಮ ತಲೆಯಿಂದ ಬಂದರೆ ಅದು ನಿಮ್ಮದು. (ತಲೆಗೆ ಕೆಲಸ ಕೊಡದ ಧಾರಾವಾಹಿಗಳಿಗೆ ನಮ್ಮ ಚಾನೆಲ್ಲುಗಳಲ್ಲಿ ಬರವಿಲ್ಲ, ಆದ್ದರಿಂದ ನಿಯಮವನ್ನು ಆಮದು ಮಾಡಿಕೊಳ್ಳಲು ಕಷ್ಟವೇನಿಲ್ಲ.) ಈ ನಿಯಮದ ಸೊಗಸು ಅದು ವಿದ್ಯಾರ್ಥಿಗೇ ತನ್ನನ್ನು ಪರೀಕ್ಷಿಸಿಕೊಳ್ಳುವ ಸಾಧನ ಕೊಡುವುದರಲ್ಲಿದೆ. ಚರ್ಚೆಯಲ್ಲಿ ತಲೆಯಾಡಿಸಿದ್ದು ಅರ್ಥವಾಗಿಯೋ ಸುಮ್ಮನೆಯೋ ಎಂಬುದು ಅರ್ಧ ಗಂಟೆಯ ನಂತರ ಖಾಲಿ ಸ್ಕ್ರೀನಿನ ಮುಂದೆ ಅವನಿಗೇ ಗೊತ್ತಾಗುತ್ತದೆ.

ಹಾರ್ವರ್ಡ್‌ನ ಸಿಎಸ್50 ಎಂಬ ಪ್ರಸಿದ್ಧ ಕೋರ್ಸಿನಲ್ಲಿ ಇನ್ನೊಂದು ಗೆರೆಯಿದೆ. ನೆರವು ಕೇಳುವಾಗ ನಿನ್ನ ಕೋಡನ್ನು ಬೇರೆಯವರಿಗೆ ತೋರಿಸಬಹುದು. ಅವರದನ್ನು ನೀನು ನೋಡಬಾರದು. ಕೇಳಲು ಹಗುರಾದ ಈ ಮಾತು ನೆರವಿನ ದಿಕ್ಕನ್ನೇ ಬದಲಾಯಿಸುತ್ತದೆ. ಸಹಾಯ ಬೇಕಾದವನು ಮೊದಲು ತಾನೇ ಏನಾದರೂ ಬರೆದಿರಬೇಕು. ಗೊತ್ತಿರುವವಳು ತನ್ನ ಫೈಲ್ ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ, ಅವನ ತಪ್ಪಿನೊಳಗೆ ಇಳಿದು ನೋಡಬೇಕು. ಬೇರೆಯವರ ತಪ್ಪು ಹುಡುಕುವುದು ಪ್ರೋಗ್ರಾಂ ಬರೆಯುವುದಕ್ಕಿಂತ ಕಷ್ಟದ ಕೆಲಸ, ಹಾಗಾಗಿ ಹೇಳಿಕೊಡುವವಳೂ ಕಲಿಯುತ್ತಾಳೆ.

ಕೊಡುವವರ ಸಂಕಟದ ಬಗ್ಗೆ ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಕ್ಲಾಸಿನಲ್ಲಿ ನಾಲ್ಕೈದು ಮಂದಿ ಚೆನ್ನಾಗಿ ಬರೆಯುವವರು ಇರುತ್ತಾರೆ. ಗಡುವಿನ ಹಿಂದಿನ ರಾತ್ರಿ ಅವರ ವಾಟ್ಸ್ಯಾಪ್ ತುಂಬ ‘ಮಗಾ, ಕೋಡ್ ಕಳ್ಸೋ’. ಇಲ್ಲ ಎಂದರೆ ‘ಭಾರಿ ಸ್ಕೋಪ್ ತಗೋತಾನೆ’ ಎಂಬ ಹೆಸರು. ನಮ್ಮಲ್ಲಿ ಸ್ನೇಹಿತನಿಗೆ ಇಲ್ಲ ಎನ್ನುವುದು ಹುಡುಗಾಟವಲ್ಲ, ನಾಲ್ಕು ವರ್ಷ ಒಂದೇ ಕ್ಲಾಸಿನಲ್ಲಿ ಬಾಳಬೇಕು. ಸ್ಪಷ್ಟ ನಿಯಮ ಇದ್ದರೆ ಅವರಿಗೊಂದು ನೆವ ಸಿಗುತ್ತದೆ: ‘ಕೋಡ್ ಕೊಟ್ರೆ ಮೇಷ್ಟ್ರು ಇಬ್ಬರದ್ದೂ ಸೊನ್ನೆ ಮಾಡ್ತಾರೆ ಮಾರಾಯ, ನಿಂದು ತಗೊಂಡು ಬಾ, ನೋಡೋಣ.’ ಸ್ನೇಹವೂ ಉಳಿಯಿತು, ಕಲಿಕೆಯೂ ಆಯಿತು. ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಂದೇ ದಂಡ ಎಂಬ ನಿಯಮ ಕ್ರೂರವೆಂದು ಮೊದಲು ಅನ್ನಿಸುತ್ತದೆ. ಅದು ಕಾಯುವುದು ಕೊಡುವವರನ್ನೇ.

ನಿಯಮದಲ್ಲಿ ಇನ್ನೊಂದು ಸಾಲು ಕಡ್ಡಾಯವಾಗಿ ಇರಬೇಕು. ಪ್ರೋಗ್ರಾಮಿನ ತಲೆಯಲ್ಲಿ ಕಾಮೆಂಟಾಗಿ, ಯಾರ ಜೊತೆ ಚರ್ಚಿಸಿದೆ, ಯಾವ ಪುಟ ನೋಡಿದೆ ಎಂದು ಬರೆಯಬೇಕು. ಬರೆದದ್ದಕ್ಕೆ ಅಂಕ ಕಳೆಯಬಾರದು. ಇದು ಕಂಪನಿಗಳ ಪದ್ಧತಿಯೂ ಹೌದು: ಒಬ್ಬರ ಕೋಡನ್ನು ಇನ್ನೊಬ್ಬರು ರಿವ್ಯೂ ಮಾಡದೆ ಅದು ಮುಂದಕ್ಕೆ ಹೋಗುವುದಿಲ್ಲ, ಯಾವ ಸಾಲನ್ನು ಯಾರು ಯಾವತ್ತು ಬದಲಿಸಿದರು ಎಂದು ಗಿಟ್ ಎಂಬ ತಂತ್ರಾಂಶ ದಾಖಲಿಸಿಟ್ಟಿರುತ್ತದೆ. ‘ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ನೆಟ್‌ನಿಂದಲೇ ಎತ್ತುತ್ತಾರಲ್ಲ ಸಾರ್’ ಎಂದು ವಾದಿಸುವ ವಿದ್ಯಾರ್ಥಿಗೆ ಇದೇ ಉತ್ತರ. ಎತ್ತುತ್ತಾರೆ, ಎಲ್ಲಿಂದ ಎಂದು ಹೇಳುತ್ತಾರೆ, ಅದು ಏನು ಮಾಡುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಜೊತೆಯಾಗಿ ಬರೆಯುವುದನ್ನೇ ಪಾಠವಾಗಿಸುವ ದಾರಿಯೂ ಇದೆ. ಒಂದೇ ಕಂಪ್ಯೂಟರಿನ ಮುಂದೆ ಇಬ್ಬರು. ಒಬ್ಬರು ಟೈಪ್ ಮಾಡುವ ಡ್ರೈವರ್, ಇನ್ನೊಬ್ಬರು ಮುಂದಿನದನ್ನು ಯೋಚಿಸುತ್ತ ತಪ್ಪು ಹಿಡಿಯುವ ನ್ಯಾವಿಗೇಟರ್. ಆಗಾಗ ಜಾಗ ಬದಲಿಸಬೇಕು. 1999ರ ಸುಮಾರಿಗೆ ಯೂಟಾ ವಿಶ್ವವಿದ್ಯಾಲಯದಲ್ಲಿ ಲಾರಿ ವಿಲಿಯಮ್ಸ್ ಇದನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ ನೋಡಿದರು. ಸ್ವಲ್ಪ ನಂತರ ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಜೋಡಿಯಾಗಿ ಬರೆದವರು ನಡುವೆ ಕೋರ್ಸು ಬಿಡುವುದು ಕಡಿಮೆ ಎಂದು ಕಂಡಿತು. ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ತಂಡಗಳು ಮಾತ್ರ ಇದಕ್ಕೆ ನಿದರ್ಶನವಲ್ಲ. ನಾಲ್ವರಲ್ಲಿ ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬಳು ರಿಪೋರ್ಟ್, ಒಬ್ಬ ಪಿಪಿಟಿ, ನಾಲ್ಕನೆಯವನು ಬೈಂಡಿಂಗ್ ಮಾಡಿಸಿಕೊಂಡು ಬರುತ್ತಾನೆ. ಅದು ಕೆಲಸ ಹಂಚಿಕೆ, ಸಹಯೋಗವಲ್ಲ.

ಇನ್ನು ಹಿಡಿಯುವ ಯಂತ್ರಗಳ ಮಾತು. ಅಲೆಕ್ಸ್ ಐಕನ್ 1994ರಲ್ಲಿ ಮಾಸ್ ಎಂಬ ತಂತ್ರಾಂಶ ಮಾಡಿದರು, ಇವತ್ತಿಗೂ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿದೆ. ಪ್ರೋಗ್ರಾಮನ್ನು ಸಣ್ಣ ಸಣ್ಣ ತುಣುಕು ಮಾಡಿ, ಪ್ರತಿ ತುಣುಕಿಗೂ ಒಂದು ಸಂಖ್ಯೆ ಕೊಟ್ಟು, ಅವುಗಳಲ್ಲಿ ಕೆಲವನ್ನು ಬೆರಳಚ್ಚಿನ ಹಾಗೆ ಇಟ್ಟುಕೊಂಡು ಎಲ್ಲರ ಕೋಡಿನ ಜೊತೆ ಹೋಲಿಸುತ್ತದೆ. ವೇರಿಯಬಲ್ ಹೆಸರು ಬದಲಿಸಿದರೂ, ಖಾಲಿ ಸಾಲು ತುಂಬಿದರೂ ತಪ್ಪಿಸಿಕೊಳ್ಳಲಾಗದು. ಆದರೆ ಅದರೊಳಗೆ ಒಂದು ವಿವೇಕ ಅಡಗಿದೆ. ಒಂದೇ ತುಣುಕು ತೀರಾ ಹೆಚ್ಚು ಜನರಲ್ಲಿ ಕಂಡರೆ, ಬೇರೆ ಹೇಳದಿದ್ದಲ್ಲಿ ಹತ್ತಕ್ಕಿಂತ ಹೆಚ್ಚು ಪ್ರೋಗ್ರಾಮುಗಳಲ್ಲಿ ಕಂಡರೆ, ಇದು ಮೇಷ್ಟ್ರೇ ಕೊಟ್ಟದ್ದಿರಬೇಕು ಎಂದು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಅರವತ್ತು ಜನರ ಕ್ಲಾಸಿನ ಲ್ಯಾಬ್ ಪ್ರೋಗ್ರಾಮುಗಳನ್ನು ಅದಕ್ಕೆ ಹಾಕಿದರೆ ಎಲ್ಲರೂ ನಿರ್ದೋಷಿಗಳಾಗಿ ಹೊರಬಂದಾರು! ಹತ್ತಿಪ್ಪತ್ತು ಮಂದಿ ಒಂದೇ ರೆಕಾರ್ಡಿನಿಂದ ಎತ್ತುತ್ತಾರೆ ಎಂಬ ಪರಿಸ್ಥಿತಿಯನ್ನು ಅದು ಊಹಿಸಿಯೇ ಇಲ್ಲ. ಮಾಸ್ ಮಾಡಿದವರೂ ಅದರ ವರದಿಯನ್ನು ತೀರ್ಪೆಂದು ತೆಗೆದುಕೊಳ್ಳಬೇಡಿ, ಮನುಷ್ಯರು ಕೂತು ನೋಡಿ ಎಂದೇ ಹೇಳುತ್ತಾರೆ. ಯಂತ್ರ ಬರೆದದ್ದನ್ನು ಯಂತ್ರದಿಂದ ಹಿಡಿಯುವ ಪ್ರಯತ್ನ ಇನ್ನೂ ದುರ್ಬಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು, 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಹಿಡಿಯುವುದರ ಜೊತೆಗೆ, ತಾವಾಗಿಯೇ ಒಪ್ಪಿಕೊಳ್ಳಲು ದಾರಿಯೂ ಇರಬೇಕು. ಸಿಎಸ್50ರಲ್ಲಿ 2014ರಿಂದ ಪಶ್ಚಾತ್ತಾಪದ ವಿಧಿಯೊಂದಿದೆ. ನಿಯಮ ಮುರಿದವರು 72 ಗಂಟೆಯೊಳಗೆ ತಾವೇ ಬಂದು ಹೇಳಿದರೆ ಆ ಕೆಲಸಕ್ಕೆ ಅಂಕ ಹೋಗಬಹುದು, ಆದರೆ ವಿಷಯ ವಿಶ್ವವಿದ್ಯಾಲಯದ ಶಿಸ್ತು ಸಮಿತಿಗೆ ಹೋಗುವುದಿಲ್ಲ; ಮತ್ತೆ ಮತ್ತೆ ಮಾಡಿದರೆ ಬೇರೆ ಮಾತು. ನಕಲು ಬಹುಪಾಲು ನಡೆಯುವುದು ನಡುರಾತ್ರಿಯ ಗಾಬರಿಯಲ್ಲಿ ಎಂಬ ತಿಳಿವಳಿಕೆ ಅದರ ಹಿಂದಿದೆ. ಇದರಿಂದ ನಕಲು ನಿಂತುಹೋಯಿತೆಂದು ಯಾರೂ ಹೇಳುತ್ತಿಲ್ಲ. 2016ರ ಸೆಮಿಸ್ಟರ್ ಒಂದರಲ್ಲೇ ಆ ಕೋರ್ಸಿನ 60ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಮಿತಿಯ ಮುಂದೆ ಹೋದರೆಂದು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ವರದಿ ಮಾಡಿತ್ತು. ಆದರೂ ಈ ವಿಧಿ ನಮ್ಮಲ್ಲಿಗೆ ಬರಬೇಕು ಎನ್ನುತ್ತೇನೆ. ನಮ್ಮಲ್ಲಿ ಸಿಕ್ಕಿಬಿದ್ದರೆ ಅಪ್ಪನನ್ನು ಕರೆಸುವುದು ಒಂದು ತುದಿ, ‘ಹೋಗಲಿ ಬಿಡಿ’ ಎನ್ನುವುದು ಇನ್ನೊಂದು ತುದಿ. ನಡುವೆ ಏನೂ ಇಲ್ಲ.

ಅಳತೆಗೆ ಬರೋಣ. ವಿಟಿಯು ಪದ್ಧತಿಯಲ್ಲಿ ಈಗ ಒಳ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50. ಆ ಒಳಗಿನ ಐವತ್ತರಲ್ಲಿ ಅಸೈನ್‌ಮೆಂಟಿನ ಪಾಲು ಚಿಕ್ಕದಿರಲಿ, ಕಳ್ಳತನಕ್ಕೆ ಯೋಗ್ಯವಲ್ಲದಷ್ಟು ಚಿಕ್ಕದು. ಅದರ ಬದಲು ವೈವಾ ಬೆಳೆಯಲಿ. ಸಮಯ ಎಲ್ಲಿದೆ ಎಂಬುದು ಅಧ್ಯಾಪಕರ ಮೊದಲ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಅರವತ್ತು ಜನರನ್ನು ತಲಾ ಹತ್ತು ನಿಮಿಷ ಕೇಳಿದರೆ ಹತ್ತು ಗಂಟೆ ಬೇಕು, ಆಗದ ಮಾತು. ಆದರೆ ಎಲ್ಲರನ್ನೂ ಪ್ರತಿ ಸಲ ಕೇಳಬೇಕಿಲ್ಲ. ಇಪ್ಪತ್ತು ಜನರ ಲ್ಯಾಬ್ ಬ್ಯಾಚಿನಲ್ಲಿ ಪ್ರತಿ ವಾರ ಐದು ಹೆಸರು ಚೀಟಿ ಎತ್ತಿದರೆ ಐವತ್ತು ನಿಮಿಷದ ಕೆಲಸ, ಎರಡು ಗಂಟೆಯ ಲ್ಯಾಬಿನೊಳಗೆ ಮುಗಿಯುತ್ತದೆ. ಯಾರ ಹೆಸರು ಬರುತ್ತದೋ ಗೊತ್ತಿಲ್ಲವಾದ್ದರಿಂದ ಇಪ್ಪತ್ತೂ ಮಂದಿ ತಯಾರಾಗಿ ಬರುತ್ತಾರೆ. ಲ್ಯಾಬ್ ಪರೀಕ್ಷೆಯಲ್ಲಿ ಯಾವ ಪ್ರೋಗ್ರಾಂ ಬರುತ್ತದೋ ಎಂದು ಲಾಟ್ ಎತ್ತುವುದು ನಮ್ಮ ಹುಡುಗರಿಗೆ ಹೊಸದೇನಲ್ಲ. ಕೇಳಬೇಕಾದ್ದೂ ಹೆಚ್ಚಿಲ್ಲ: ‘ಪಟ್ಟಿ ಖಾಲಿ ಇದ್ದಾಗ ಡಿಲೀಟ್ ಕರೆದರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ? ಈ ಎರಡು ಸಾಲು ಅದಲುಬದಲು ಮಾಡಿದರೆ?’ ಬರೆದವರು ಹೇಳುತ್ತಾರೆ. ಗೆಳತಿಯಿಂದ ಕಲಿತು ಬರೆದವರೂ ಹೇಳುತ್ತಾರೆ, ಅವರಿಗೂ ಅಂಕ ಸಿಗಬೇಕು. ಉರು ಹೊಡೆದವರು ತಡವರಿಸುತ್ತಾರೆ.

ಚಾಟ್‌ಬಾಟ್ ಬಂದ ಮೇಲೆ ಈ ಏರ್ಪಾಟು ಅನಿವಾರ್ಯವೇ ಆಗಿದೆ. ಬರಿಗೈ ನಿಯಮ, ತೋರಿಸು ಆದರೆ ನೋಡಬೇಡ ಎಂಬ ನಿಯಮ, ಎರಡೂ ಮನುಷ್ಯ ಗೆಳೆಯನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಗೆಳೆಯನಿಗೆ ನಿದ್ದೆ ಬರುತ್ತದೆ, ಬೇಜಾರಾಗುತ್ತದೆ, ‘ನೀನೇ ಸ್ವಲ್ಪ ಯೋಚ್ನೆ ಮಾಡೋ’ ಎನ್ನುತ್ತಾನೆ. ಚಾಟ್‌ಬಾಟ್ ಕೇಳಿದ ತಕ್ಷಣ ಪೂರ್ತಿ ಪ್ರೋಗ್ರಾಂ ಸುರಿದುಬಿಡುತ್ತದೆ. ಸಿಎಸ್50ರವರು 2023ರಲ್ಲಿ ಚಾಟ್‌ಜಿಪಿಟಿಯನ್ನು ದೂರವಿಟ್ಟು, ಉತ್ತರ ಕೊಡದೆ ದಾರಿ ಮಾತ್ರ ತೋರಿಸುವ ತಮ್ಮದೇ ‘ಬಾತುಕೋಳಿ’ ಬಾಟ್ ಮಾಡಿಕೊಂಡರು. ನಮ್ಮ ಕಾಲೇಜುಗಳು ಅಷ್ಟು ಮಾಡಲಾಗದಿದ್ದರೂ ನಿಯಮವನ್ನು ಹೀಗೆ ಬರೆಯಬಹುದು: ಎರರ್ ಮೆಸೇಜಿನ ಅರ್ಥ ಕೇಳಿ, ಪರಿಕಲ್ಪನೆ ಕೇಳಿ, ಕನ್ನಡದಲ್ಲೇ ಕೇಳಿ, ಅಸೈನ್‌ಮೆಂಟಿನ ಪ್ರಶ್ನೆಯನ್ನು ಅಂಟಿಸಬೇಡಿ, ಕೇಳಿದ್ದನ್ನು ಕಾಮೆಂಟಿನಲ್ಲಿ ಬರೆಯಿರಿ. ಪಾಲಿಸದವರು ಇದ್ದೇ ಇರುತ್ತಾರೆ, ಅವರಿಗೆ ಚೀಟಿ ಇದೆ.

ಇದೆಲ್ಲದರ ಖರ್ಚು ಕೊನೆಗೆ ಬೀಳುವುದು ಮೇಷ್ಟ್ರ ತಲೆಯ ಮೇಲೆ. ಯುಎಸ್‌ಎನ್, ಹೆಸರು, ಸೆಮಿಸ್ಟರ್, ಫೋನ್ ನಂಬರುಗಳ ಲಿಂಕ್ಡ್ ಲಿಸ್ಟನ್ನು ವರ್ಷಗಟ್ಟಲೆ ಪ್ರತಿ ಬ್ಯಾಚಿಗೂ ಕೊಟ್ಟು, ಆ ಬ್ಯಾಚು ಹಿಂದಿನ ಬ್ಯಾಚಿನದನ್ನು ನೋಡಬಾರದು ಎಂದು ನಿರೀಕ್ಷಿಸುವುದು ಆಗದು. ವಿಶ್ವವಿದ್ಯಾಲಯದ ಲ್ಯಾಬ್ ಪಟ್ಟಿ ಬದಲಿಸುವುದು ನಮ್ಮ ಕೈಯಲ್ಲಿಲ್ಲ ನಿಜ, ಅಸೈನ್‌ಮೆಂಟ್ ನಮ್ಮ ಕೈಯಲ್ಲೇ ಇದೆ. ಅದೇ ಲಿಂಕ್ಡ್ ಲಿಸ್ಟಿನಲ್ಲಿ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸಿನ ನಿಲ್ದಾಣಗಳನ್ನಿಟ್ಟು, ನಡುವಿನ ಒಂದು ನಿಲ್ದಾಣ ಮುಚ್ಚಿದರೆ ಏನು ಮಾಡುತ್ತೀರಿ, ಎರಡು ಮಾರ್ಗಗಳು ಒಂದೆಡೆ ಕೂಡಿದರೆ ಹೇಗೆ ಹೊಂದಿಸುತ್ತೀರಿ ಎಂದು ಕೇಳಬಹುದು. ವಿಭಾಗದಲ್ಲಿ ಇದೇ ವಿಷಯ ಪಾಠ ಮಾಡುವ ನಾಲ್ವರಿದ್ದರೆ, ತಲಾ ಮೂರು ಹೊಸ ಪ್ರಶ್ನೆ ಬರೆದು, ಕೆಳಗೆ ಬರೆದವರ ಹೆಸರು ಹಾಕಿ ಎಲ್ಲರ ಬಳಕೆಗೆ ಇಟ್ಟರೆ ಒಂದು ಸೆಮಿಸ್ಟರಿಗೆ ಹನ್ನೆರಡು ಪ್ರಶ್ನೆಗಳಾಗುತ್ತವೆ. ಬೇರೆ ಕಡೆಯಿಂದ ತೆಗೆದುಕೊಂಡದ್ದಾದರೆ ಎಲ್ಲಿಂದ ಎಂಬುದನ್ನೂ ಅಲ್ಲೇ ಬರೆಯಲಿ. ನಾವು ಹುಡುಗರಿಂದ ಕೇಳುತ್ತಿರುವುದೂ ಅದನ್ನೇ ತಾನೆ.